ಖಾಲಾ ಅವರ ಕ್ಯಾಮೆರಾ, ನನ್ನ ತಪ್ಪು

ಈ ಸಂಚಿಕೆಗೆ ಕನ್ನಡ ಮೇಡಂ ‘ನಾನು ಹತ್ತಿರದಿಂದ ಕಂಡ ದುಡಿಮೆ’ ಎಂಬ ವಿಷಯ ಕೊಟ್ಟರು. ನಮ್ಮ ತರಗತಿಯಲ್ಲಿ ಒಬ್ಬಳು ಅಂಗನವಾಡಿ ಟೀಚರ್ ಆಗಿರುವ ತನ್ನ ತಾಯಿಯ ಬಗ್ಗೆ ಬರೆಯುತ್ತಿದ್ದಾಳೆ. ಇನ್ನೊಬ್ಬಳು ಮಂಡಕ್ಕಿ ಭಟ್ಟಿಯಲ್ಲಿ ದುಡಿದ ಅಜ್ಜನ ಬಗ್ಗೆ ಬರೆಯುತ್ತಿದ್ದಾಳೆ. ನಾನು ನನ್ನ ಖಾಲಾ ಬಗ್ಗೆ ಬರೆಯುತ್ತೇನೆ ಅಂದೆ. ಖಾಲಾ ಅಂದರೆ ಅಮ್ಮಿಯ ತಂಗಿ, ನನಗೆ ಚಿಕ್ಕಮ್ಮ. ಅವರು ಮದುವೆ ಫೋಟೋಗ್ರಾಫರ್.

“ಅದರಲ್ಲಿ ಬರೆಯೋಕೆ ಏನಿದೆ? ಬಟನ್ ಒತ್ತೋದು ತಾನೇ?” ಅಂದಳು ಪಕ್ಕದ ಬೆಂಚಿನವಳು.

ಬಟನ್ ಒತ್ತುವುದು ಆ ಕೆಲಸದ ತೀರಾ ಚಿಕ್ಕ ಭಾಗ ಎಂದು ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು. ಬಟನ್ ಒತ್ತದೆ ಇರುವುದು ಅದರಲ್ಲಿ ಎಷ್ಟು ದೊಡ್ಡ ಭಾಗ ಎಂದು ತಿಳಿಯಲು ಒಂದು ತಪ್ಪು ಬೇಕಾಯಿತು. ಆ ತಪ್ಪು ಮಾಡಿದವಳು ನಾನೇ. ಅದನ್ನೂ ಇಲ್ಲಿ ಬರೆಯುತ್ತಿದ್ದೇನೆ. ಬರೆಯಲು ಖಾಲಾ ಒಪ್ಪಿದ್ದಾರೆ. ಆ ಮದುಮಗಳನ್ನೂ ಕೇಳಿದೆ. ಹೆಸರು, ಊರು ಹಾಕಬಾರದು ಎಂಬ ಷರತ್ತಿನ ಮೇಲೆ ಅವರೂ ಒಪ್ಪಿದರು. ನಮ್ಮ ಮನೆಯಲ್ಲಿ ಮಾತೆಲ್ಲ ಉರ್ದುವಿನಲ್ಲಿ. ಇಲ್ಲಿ ಅದನ್ನು ಕನ್ನಡದಲ್ಲಿ ಹೇಳಲು ಪ್ರಯತ್ನಿಸಿದ್ದೇನೆ.

ನಮ್ಮದು ದಾವಣಗೆರೆ. ಖಾಲಾ ಅವರ ಗಂಡ, ನಾವು ಖಾಲು ಎಂದು ಕರೆಯುತ್ತಿದ್ದವರು, 1994ರಲ್ಲಿ ಒಂದು ಚಿಕ್ಕ ಸ್ಟುಡಿಯೋ ಹಾಕಿದ್ದರು. ಅದು ರೀಲಿನ ಕಾಲ. ಒಂದು ರೀಲಿಗೆ 36 ಫೋಟೋ. ಮದುವೆಯಾಗಿ ಬಂದ ಮೇಲೆ ಖಾಲಾ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಕೂರುತ್ತಿದ್ದರು. ಪಾಸ್‌ಪೋರ್ಟ್ ಫೋಟೋ ಕತ್ತರಿಸುವುದು, ಆಲ್ಬಂಗೆ ಅಂಟಿಸುವುದು, ಯಾರು ಎಷ್ಟು ಬಾಕಿ ಎಂದು ಬರೆದಿಡುವುದು ಅವರ ಪಾಲಿನ ಕೆಲಸ. ನಮ್ಮ ಮದುವೆಗಳಲ್ಲಿ ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಹಾಲ್ ಇರುತ್ತದಲ್ಲ, ಹೆಂಗಸರ ಕಡೆ ಖಾಲು ಹೋಗುವಂತಿರಲಿಲ್ಲ. ಅದಕ್ಕೇ ಅವರು ಖಾಲಾ ಕೈಗೆ ಕ್ಯಾಮೆರಾ ಕೊಟ್ಟು ಕಲಿಸಿದರು. ಆಗ ಅದು ‘ಹೆಂಡತಿಯ ಸಹಾಯ’ ಮಾತ್ರ. ಬೋರ್ಡಿನ ಮೇಲೆ ಅವರ ಹೆಸರೂ ಇರಲಿಲ್ಲ, ಆಲ್ಬಂನಲ್ಲೂ ಇರಲಿಲ್ಲ.

2021ರಲ್ಲಿ, ಕೊರೊನಾದ ಎರಡನೇ ಅಲೆಯಲ್ಲಿ ಖಾಲು ತೀರಿಕೊಂಡರು. ಮಗ ಆಗ ಆರನೇ ತರಗತಿ. ಸ್ಟುಡಿಯೋ ಬಾಡಿಗೆ ಕಟ್ಟಲಾಗದೆ ಖಾಲಾ ಅದನ್ನು ಬಿಟ್ಟರು. ಕ್ಯಾಮೆರಾ, ಒಂದು ಲೆನ್ಸ್, ನೆಗೆಟಿವ್‌ಗಳ ಟ್ರಂಕು ಮನೆಗೆ ಬಂದವು. ಕ್ಯಾಮೆರಾವನ್ನೂ ಮಾರಿಬಿಡು ಅಂದವರೇ ಹೆಚ್ಚು. ಹೊಲಿಗೆ ಮೆಷಿನ್ ಕೊಡಿಸುತ್ತೇವೆ ಅಂದವರೂ ಇದ್ದರು. ಇದ್ದತ್‌ನ ನಾಲ್ಕು ತಿಂಗಳು ಹತ್ತು ದಿನ ಮುಗಿದ ಮೇಲೆ ಖಾಲಾ ನಮ್ಮ ಅಬ್ಬಾನ ಹತ್ತಿರ ಬಂದು, “ಭಾಯಿಜಾನ್, ನಾನು ಹೆಂಗಸರ ಕಡೆ ಮಾತ್ರ ತೆಗೀತೀನಿ. ನಿಮ್ಮ ಅಭ್ಯಂತರ ಇಲ್ಲ ತಾನೇ?” ಎಂದು ಕೇಳಿದರು. ಅಬ್ಬಾ ಸ್ವಲ್ಪ ಹೊತ್ತು ಸುಮ್ಮನಿದ್ದು, “ರಾತ್ರಿ ತಡವಾದರೆ ಫೋನ್ ಮಾಡು, ನಾನು ಗಾಡಿ ತರ್ತೀನಿ” ಅಂದರು. ಒಪ್ಪಿಗೆ ಕೊಡುವುದು ಅಂದರೆ ಹೀಗೂ ಇರುತ್ತದೆ ಎಂದು ನನಗೆ ಆವತ್ತು ಗೊತ್ತಾಯಿತು.

ಈ ಲೇಖನಕ್ಕಾಗಿ ಖಾಲಾ ಅವರನ್ನು ಕೂರಿಸಿಕೊಂಡು, “ನಿಮಗೆ ಸ್ಫೂರ್ತಿ ಯಾರು?” ಎಂದು ಪತ್ರಕರ್ತರ ಹಾಗೆ ಕೇಳಿದೆ. ಅವರು ಬೆಳ್ಳುಳ್ಳಿ ಸುಲಿಯುತ್ತಾ ನಕ್ಕರು. “ಸ್ಫೂರ್ತಿ ಗೀರ್ತಿ ಏನಿಲ್ಲ. ಸ್ಕೂಲ್ ಫೀಸ್ ಕಟ್ಟೋ ತಾರೀಕೇ ಸ್ಫೂರ್ತಿ” ಅಂದರು. ಆದರೆ ಬೆಳ್ಳುಳ್ಳಿ ಮುಗಿಯುವಷ್ಟರಲ್ಲಿ ಒಂದೊಂದಾಗಿ ಹೇಳತೊಡಗಿದರು.

ಮೊದಲು ಹೇಳಿದ್ದು ನಾನಿಯ ಕಿಟಕಿಯ ಬಗ್ಗೆ. ನಾನಿ ಸೀರೆಗಳಿಗೆ ಕುಚ್ಚು ಕಟ್ಟುತ್ತಿದ್ದರು. ಹಗಲು ಕರೆಂಟು ಹಾಕಿದರೆ ಬಿಲ್ಲು ಬರುತ್ತದೆಂದು ಕಿಟಕಿಯ ಪಕ್ಕ ಕೂರುತ್ತಿದ್ದರು. ಮುಖದ ಒಂದು ಬದಿಗೆ ಬೆಳಕು, ಇನ್ನೊಂದು ಬದಿಗೆ ಮೆಲ್ಲಗೆ ನೆರಳು. ಬೆರಳ ಸಂದಿಯಲ್ಲಿ ರೇಷ್ಮೆ ದಾರ ಹೊಳೆಯುತ್ತಿತ್ತು. “ನನಗೆ ಬೆಳಕು ಕಲಿಸಿದ್ದು ಅಮ್ಮಿ. ಅವರಿಗೇ ಅದು ಗೊತ್ತಿರಲಿಲ್ಲ” ಅಂದರು ಖಾಲಾ. ಅದಕ್ಕೇ ಮದುವೆ ಮನೆಗೆ ಹೋದರೆ ಅವರು ಮೊದಲು ಹುಡುಕುವುದು ಮದುಮಗಳನ್ನಲ್ಲ, ಕಿಟಕಿಯನ್ನು. ಅಲ್ಲಿ ಜೋಡಿಸಿಟ್ಟ ಸೂಟ್‌ಕೇಸು, ಹಾಸಿಗೆ ಸುರುಳಿಗಳನ್ನು ನಾವಿಬ್ಬರೂ ಸರಿಸುತ್ತೇವೆ. ಆಮೇಲೆ ಮದುಮಗಳನ್ನು ಅಲ್ಲಿ ಕೂರಿಸಿ ಟ್ಯೂಬ್‌ಲೈಟ್ ಆರಿಸುತ್ತಾರೆ. ಮನೆಯವರು ಗಾಬರಿಯಾಗಿ, “ಕತ್ತಲಾಗಲ್ವಾ?” ಅನ್ನುತ್ತಾರೆ. ಕ್ಯಾಮೆರಾದ ಪರದೆಯಲ್ಲಿ ನೋಡಿದ ಮೇಲೆ ಸುಮ್ಮನಾಗುತ್ತಾರೆ.

ಎರಡನೆಯದು ಖಾಲು ಬಿಟ್ಟುಹೋದ ಟ್ರಂಕು. ಈಗ ಒಂದು ಮದುವೆಗೆ ಎರಡು ಸಾವಿರ ಫೋಟೋ ತೆಗೆದರೂ ಯಾರೂ ಕೇಳುವುದಿಲ್ಲ. ಆಗ ನಾಲ್ಕು ರೀಲು ಅಂದರೆ 144 ಫೋಟೋ, ಮುಗಿಯಿತು. ಒಂದು ಹಾಳಾದರೂ ದುಡ್ಡು ಹೋದಂತೆ. ಹಾಗಾಗಿ ಖಾಲು ಕಾಯುತ್ತಿದ್ದರಂತೆ. ಆ ಟ್ರಂಕಿನಲ್ಲಿ ನಮ್ಮ ಅಮ್ಮಿಯ ಮದುವೆಯ ಫೋಟೋಗಳೂ ಇವೆ. ರುಖ್ಸತ್‌ನ ಹೊತ್ತಿನಲ್ಲಿ ನಾನಾ ಬಾಗಿಲ ಚೌಕಟ್ಟು ಹಿಡಿದು ನಿಂತಿರುವ ಒಂದು ಚಿತ್ರ ಇದೆ. ಅದರಲ್ಲಿ ಅವರ ಮುಖ ಕಾಣುವುದಿಲ್ಲ. ಚೌಕಟ್ಟನ್ನು ಹಿಡಿದ ಕೈ ಮಾತ್ರ ಕಾಣುತ್ತದೆ. ನಾನು ನಾನಾ ಅವರನ್ನು ನೋಡಿಲ್ಲ. ಆದರೆ ಆ ಕೈ ನನಗೆ ಗೊತ್ತು.

ಮೂರನೆಯದು ಮನೆಯ ಗೋಡೆಗೆ ಅಂಟಿಸಿರುವ, ಪತ್ರಿಕೆಯಿಂದ ಕತ್ತರಿಸಿದ ಒಂದು ಚಿತ್ರ. ಸೀರೆ ಉಟ್ಟು, ದೊಡ್ಡ ಕ್ಯಾಮೆರಾ ಹಿಡಿದ ಹೆಂಗಸು. ಅವರು ಹೋಮಾಯ್ ವ್ಯಾರಾವಾಲಾ, ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ. 1913ರಲ್ಲಿ ಗುಜರಾತಿನ ನವಸಾರಿಯಲ್ಲಿ ಪಾರ್ಸಿ ಕುಟುಂಬದಲ್ಲಿ ಹುಟ್ಟಿದವರು. ಆರಂಭದಲ್ಲಿ ಅವರ ಫೋಟೋಗಳು ಗಂಡನ ಹೆಸರಿನಲ್ಲಿ ಅಚ್ಚಾಗುತ್ತಿದ್ದವು. ಈ ಮಾತು ಹೇಳುವಾಗ ಖಾಲಾ ಒಂದು ಕ್ಷಣ ನಿಲ್ಲಿಸುತ್ತಾರೆ. ಸ್ವಾತಂತ್ರ್ಯ ಬಂದ ದಿನಗಳನ್ನೂ 1948ರಲ್ಲಿ ಗಾಂಧೀಜಿಯವರ ಅಂತ್ಯಯಾತ್ರೆಯನ್ನೂ ತೆಗೆದ ಅವರು 1970ರಲ್ಲಿ ಕ್ಯಾಮೆರಾ ಕೆಳಗಿಟ್ಟರು. ಹೊಸದಾಗಿ ಬಂದ ಫೋಟೋಗ್ರಾಫರುಗಳ ನಡವಳಿಕೆ ಹಿಡಿಸದೆ ಬಿಟ್ಟೆ ಎಂದು ಆಮೇಲೆ ಅವರೇ ಹೇಳಿಕೊಂಡಿದ್ದರು. 2011ರಲ್ಲಿ ಅವರಿಗೆ ಪದ್ಮವಿಭೂಷಣ ಬಂತು. ಅದರ ಮರುವರ್ಷ ತೀರಿಕೊಂಡರು. ಅಷ್ಟು ದೊಡ್ಡವರು ನಡವಳಿಕೆಯ ವಿಷಯಕ್ಕೆ ಕೆಲಸ ಬಿಟ್ಟರಲ್ಲ ಎಂಬುದು ಖಾಲಾಗೆ ಬಹಳ ಹಿಡಿಸಿದ ಸಂಗತಿ.

ನಮ್ಮ ಮೈಸೂರಿನ ಟಿ. ಎಸ್. ಸತ್ಯನ್ ಅವರ ಫೋಟೋಗಳನ್ನೂ ಖಾಲಾ ಮೆಚ್ಚುತ್ತಾರೆ. 1923ರಲ್ಲಿ ಹುಟ್ಟಿ 2009ರವರೆಗೆ ಬಾಳಿದ ಅವರು ಸಾಮಾನ್ಯ ಜನರನ್ನು, ಮಕ್ಕಳನ್ನು ತೆಗೆದ ರೀತಿ ಬೇರೆಯೇ. ಯಾರೂ ಕ್ಯಾಮೆರಾಗಾಗಿ ನಿಂತಂತೆ ಕಾಣುವುದಿಲ್ಲ. ಇನ್ನೊಂದು ಸ್ಫೂರ್ತಿ ನನಗೇ ಗೊತ್ತಿತ್ತು, ಯಾಕೆಂದರೆ ಅವತ್ತು ನಾನೂ ಜೊತೆಗಿದ್ದೆ. ವಿಜಯಪುರದ ಇಬ್ರಾಹಿಂ ರೋಜಾಕ್ಕೆ ಹೋದಾಗ ಎಲ್ಲರೂ ಗುಮ್ಮಟ ನೋಡುತ್ತಿದ್ದರೆ ಖಾಲಾ ಒಂದು ಕಮಾನಿನ ಎದುರು ಅರ್ಧ ಗಂಟೆ ನಿಂತಿದ್ದರು. ಕಮಾನಿನೊಳಗೆ ಇನ್ನೊಂದು ಕಮಾನು, ಅದರೊಳಗೆ ಬಾಗಿಲು, ಬಾಗಿಲಲ್ಲಿ ಯಾರೋ ಒಬ್ಬ ಅಜ್ಜಿ. ಆಮೇಲಿನ ಮದುವೆಗಳಲ್ಲಿ ಅವರು ಜನರನ್ನು ಬಾಗಿಲ ಚೌಕಟ್ಟಿನೊಳಗೆ ಹಿಡಿಯಲು ಶುರು ಮಾಡಿದರು. ಶಾದಿ ಮಹಲ್‌ನ ಹಸಿರು ಬಣ್ಣದ ಕಬ್ಬಿಣದ ಬಾಗಿಲೂ ಆಗುತ್ತದೆ, ಬಾಗಿಲಿದ್ದರೆ ಸಾಕು.

ಇಷ್ಟೆಲ್ಲ ಹೇಳಿದ ಮೇಲೆ, ನಿಜವಾದ ಮದುವೆಯ ದಿನ ಹೇಗಿರುತ್ತದೆ ಎಂದು ಹೇಳದಿದ್ದರೆ ಮೋಸವಾಗುತ್ತದೆ.

ಎಸ್ಸೆಸ್ಸೆಲ್ಸಿ ರಜೆಯಿಂದ ನಾನು ಅವರ ಸಹಾಯಕಿ. ನನ್ನ ಮುಖ್ಯ ಕೆಲಸ ಥರ್ಮಾಕೋಲ್ ಹಾಳೆ ಹಿಡಿಯುವುದು. ನಗಬೇಡಿ. ಫ್ಲ್ಯಾಶನ್ನು ನೇರವಾಗಿ ಮುಖಕ್ಕೆ ಹೊಡೆದರೆ ಹಣೆ ಬೆಳ್ಳಗೆ ಹೊಳೆದು ಹಿಂದೆ ಕಪ್ಪು ನೆರಳು ಬೀಳುತ್ತದೆ. ಅದಕ್ಕೆ ಫ್ಲ್ಯಾಶನ್ನು ಮೇಲಕ್ಕೆ ತಿರುಗಿಸಿ, ಚಾವಣಿಗೆ ಬಡಿದು ಬರುವ ಬೆಳಕಿನಲ್ಲಿ ತೆಗೆಯಬೇಕು. ಆದರೆ ದೊಡ್ಡ ಹಾಲ್‌ಗಳ ಚಾವಣಿ ತುಂಬಾ ಎತ್ತರ, ಬೆಳಕು ವಾಪಸ್ ಬರುವುದೇ ಇಲ್ಲ. ಚಾವಣಿಗೆ ಬಣ್ಣ ಇದ್ದರೆ ಮುಖಕ್ಕೂ ಅದೇ ಬಣ್ಣ. ಆಗ ನಾನು ಬಿಳಿ ಥರ್ಮಾಕೋಲ್ ಎತ್ತಿ ಹಿಡಿಯುತ್ತೇನೆ, ಖಾಲಾ ಅದಕ್ಕೆ ಫ್ಲ್ಯಾಶ್ ಹೊಡೆಯುತ್ತಾರೆ. ಈಗ ವೇದಿಕೆಗೆ ನೇರಳೆ, ನೀಲಿ ಬಣ್ಣದ ಎಲ್‌ಇಡಿ ದೀಪ ಹಾಕುವ ಚಾಳಿ ಬೇರೆ ಬಂದಿದೆ. ಮದುಮಗಳು ಬದನೆಕಾಯಿ ಬಣ್ಣಕ್ಕೆ ತಿರುಗುತ್ತಾಳೆ. ಡೆಕೋರೇಷನ್‌ನವರಿಗೆ ಕೈ ಮುಗಿದು ಹತ್ತು ನಿಮಿಷ ಆ ದೀಪ ಆರಿಸಿಸುವುದೂ ನನ್ನ ಕೆಲಸ.

ಪ್ರತಿ ಶಾಸ್ತ್ರಕ್ಕೂ ಒಂದು ಹೊತ್ತು ಇದೆ ಎಂದು ಕಲಿತೆ. ಮೆಹೆಂದಿ ಹಚ್ಚಿದ ರಾತ್ರಿ ಬಣ್ಣ ಕಿತ್ತಳೆಯಂತೆ ತಿಳಿಯಾಗಿರುತ್ತದೆ, ಮರುದಿನಕ್ಕೆ ಗಾಢವಾಗುತ್ತದೆ. ಹಾಗಾಗಿ ರಾತ್ರಿ ನಗುವವರ ಫೋಟೋ, ಬೆಳಿಗ್ಗೆ ಕೈಗಳ ಫೋಟೋ. ನಿಕಾಹ್‌ಗೆ ಮುಂಚೆ ವಕೀಲರೂ ಇಬ್ಬರು ಗವಾಹ್‌ಗಳೂ ಮದುಮಗಳ ಒಪ್ಪಿಗೆ ಕೇಳಲು ಬರುತ್ತಾರಲ್ಲ, ಆಗ ಖಾಲಾ ಕ್ಯಾಮೆರಾ ಇಳಿಸುತ್ತಾರೆ. “ಅವಳು ಹೂಂ ಅನ್ನೋ ಹೊತ್ತಲ್ಲಿ ಕ್ಲಿಕ್ ಅನ್ನೋ ಸದ್ದು ಕೇಳಿಸಬಾರದು” ಅನ್ನುತ್ತಾರೆ. ಸಹಿ ಹಾಕುವಾಗ ಪೆನ್ನು ಹಿಡಿದ ಬೆರಳುಗಳನ್ನು ಮಾತ್ರ ತೆಗೆಯುತ್ತಾರೆ. ಆಮೇಲೆ ಜಲ್ವಾ, ಕನ್ನಡಿಯಲ್ಲಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುವ ಶಾಸ್ತ್ರ. ಕನ್ನಡಿ ಇದ್ದಲ್ಲಿ ಫೋಟೋಗ್ರಾಫರ್ ಎಚ್ಚರ ತಪ್ಪಿದರೆ ಅವರೇ ಚಿತ್ರದಲ್ಲಿ ಬಂದುಬಿಡುತ್ತಾರೆ. ಖಾಲಾ ಬಗ್ಗಿ, ಓರೆಯಾಗಿ, ಒಂದು ಮಂಡಿ ನೆಲಕ್ಕೂರಿ ತೆಗೆಯುತ್ತಾರೆ. ಮರುದಿನ ಆ ಮಂಡಿಗೆ ಎಣ್ಣೆ ಹಚ್ಚಿಕೊಡುವವಳು ನಾನು.

ಊಟ? ಕೊನೆಯ ಪಂಕ್ತಿ. ಬಿರಿಯಾನಿ ಇರುತ್ತದೆ, ಕಬಾಬ್ ಮುಗಿದಿರುತ್ತದೆ.

ರಂಜಾನ್‌ನಲ್ಲಿ ಮದುವೆ ಇರುವುದಿಲ್ಲ, ಮೊಹರ್ರಂ ತಿಂಗಳಲ್ಲೂ ನಮ್ಮ ಕಡೆ ಬಹಳ ಜನ ಇಟ್ಟುಕೊಳ್ಳುವುದಿಲ್ಲ. ಆ ದಿನಗಳಲ್ಲಿ ಖಾಲಾ ಅವರಿಗೆ ಅನ್ನ ಹಾಕುವುದು ಸೀಮಂತ, ನಾಮಕರಣಗಳು. ನಮ್ಮ ಓಣಿಯ ಆಚೆಗಿನ ಲಿಂಗಾಯತ ಮನೆಗಳಲ್ಲಿ ಬಹಳ ಜನ ಇವರನ್ನೇ ಕರೆಯುತ್ತಾರೆ. ಗರ್ಭಿಣಿ ಸೊಸೆ ನಾಚಿಕೊಳ್ಳದೆ ಕೂರುತ್ತಾಳೆ, ಹಸಿರು ಬಳೆ ತೊಡಿಸುವ ಹೆಂಗಸರು ಇವರ ಎದುರು ಹಾಡು ಹೇಳುತ್ತಾರೆ. ಒಬ್ಬರು ಅಜ್ಜಿಯಂತೂ ಪ್ರತಿ ಸಲ ಇವರಿಗೂ ಉಡಿ ತುಂಬುತ್ತಾರೆ.

ನಾನು ಕಾಮರ್ಸ್ ವಿದ್ಯಾರ್ಥಿನಿ. ಲೆಕ್ಕ ಹಾಕದೆ ಬಿಟ್ಟರೆ ನಮ್ಮ ಅಕೌಂಟೆನ್ಸಿ ಸರ್ ಬೈಯುತ್ತಾರೆ. ಮೆಹೆಂದಿ ಮತ್ತು ಮದುವೆ ಸೇರಿ ಎರಡು ದಿನಕ್ಕೆ ಖಾಲಾ 40,000 ರೂಪಾಯಿ ತೆಗೆದುಕೊಳ್ಳುತ್ತಾರೆ. ಕೇಳಿದವರೆಲ್ಲ, “ಎರಡು ದಿನಕ್ಕೆ ನಲವತ್ತು ಸಾವಿರವಾ!” ಅನ್ನುತ್ತಾರೆ. ನಾನೂ ಅಂದಿದ್ದೆ. ಆಮೇಲೆ ಅವರ ನೋಟ್‌ಬುಕ್ ನೋಡಿದೆ. ಆಲ್ಬಂ ಪ್ರಿಂಟಿಂಗ್, ಬೈಂಡಿಂಗ್ 9,500. ದೀಪಗಳ ಬಾಡಿಗೆ 2,000. ಸಹಾಯಕಿಗೆ, ಅಂದರೆ ನನಗೆ, 3,000. ಆಟೋ, ಪೆಟ್ರೋಲು 1,200. ಒಟ್ಟು 15,700 ಹೋಗಿ ಉಳಿದದ್ದು 24,300. ಇನ್ನು ಕ್ಯಾಮೆರಾ. ಬಾಡಿ, ಎರಡು ಲೆನ್ಸ್, ಫ್ಲ್ಯಾಶ್ ಸೇರಿ 2,10,000 ರೂಪಾಯಿ. ಐದು ವರ್ಷದ ಆಯಸ್ಸು, ಕೊನೆಗೆ ಗುಜರಿಗೆ 10,000 ಎಂದುಕೊಂಡರೆ ವರ್ಷಕ್ಕೆ 40,000 ಸವಕಳಿ. ವರ್ಷಕ್ಕೆ ಇಪ್ಪತ್ತು ಮದುವೆ ಸಿಕ್ಕರೆ ಒಂದಕ್ಕೆ 2,000. ಉಳಿದದ್ದು 22,300.

ಇದು ಎರಡು ದಿನದ ದುಡಿಮೆಯೂ ಅಲ್ಲ. ಮೊದಲು ಮನೆಗೆ ಹೋಗಿ ಮಾತಾಡಿ ಬರಲು ಒಂದು ದಿನ, ಮದುವೆಗೆ ಎರಡು ದಿನ. ಆಮೇಲೆ ಎರಡು ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ, ಸಾವಿರಾರು ಫೋಟೋಗಳಲ್ಲಿ ಆರಿಸಿ, ಬಣ್ಣ ಸರಿಮಾಡಿ, ಆಲ್ಬಂ ಪುಟ ಜೋಡಿಸಲು ಒಂಬತ್ತು ದಿನ. ಹನ್ನೆರಡು ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 1,850 ರೂಪಾಯಿ. ಅದೂ ಹಣ ಪೂರ್ತಿ ಬಂದರೆ. ಮುಂಗಡ 15,000, ಮದುವೆ ದಿನ 15,000, ಆಲ್ಬಂ ಕೊಟ್ಟಾಗ 10,000. ಆ ಕೊನೆಯ ಹತ್ತು ಸಾವಿರದಲ್ಲೇ ಇರುವುದು ಕಷ್ಟ. ಮದುವೆ ಮುಗಿದ ಮೇಲೆ ಸಾಲಗಾರರು ಬಾಗಿಲಲ್ಲಿ ನಿಂತಿರುತ್ತಾರೆ, ಫೋಟೋಗ್ರಾಫರ್ ಸಾಲಿನ ಕೊನೆಗೆ. ಯಾರೂ ಬಿಡಿಸಿಕೊಂಡು ಹೋಗದ ಆರು ಆಲ್ಬಂಗಳು ಖಾಲಾ ಅವರ ಮಂಚದ ಕೆಳಗಿವೆ. ಅಂಗಡಿಯಲ್ಲಿ ಮಾರಾಟವಾಗದ ಸರಕನ್ನು ಕಡಿಮೆ ಬೆಲೆಗೆ ಇನ್ನೊಬ್ಬರಿಗೆ ಕೊಡಬಹುದು. ಮದುವೆ ಆಲ್ಬಂಗೆ ಲೋಕದಲ್ಲಿ ಒಂದೇ ಮನೆಯ ಗಿರಾಕಿ.

ಇಷ್ಟಾದರೂ ಜನ ಖಾಲಾ ಅವರನ್ನು ಹುಡುಕಿಕೊಂಡು ಬರುತ್ತಾರೆ. ಅವರಿಗಿಂತ ಒಳ್ಳೆಯ ಕ್ಯಾಮೆರಾ ಇರುವವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಹಾಗಾದರೆ ಇವರನ್ನೇ ಯಾಕೆ? ಉತ್ತರ ಅವರ ನೋಟ್‌ಬುಕ್ಕಿನಲ್ಲಿದೆ. ಪ್ರತಿ ಮದುವೆಯ ಪುಟದ ಮೇಲ್ಗಡೆ ಮೂರು ಪ್ರಶ್ನೆ. ಯಾರ ಫೋಟೋ ತೆಗೆಯಬಾರದು? ತೆಗೆದದ್ದನ್ನು ಯಾರಿಗೆ ಮಾತ್ರ ತೋರಿಸಬೇಕು? ಎಷ್ಟು ದಿನ ಇಟ್ಟುಕೊಂಡು ಅಳಿಸಬೇಕು? ಮದುಮಗಳನ್ನೇ ಪಕ್ಕಕ್ಕೆ ಕರೆದು ಕೇಳುತ್ತಾರೆ, ತಾಯಿ ತಂದೆಯನ್ನಲ್ಲ. ಕೆಲವರು ಲ್ಯಾಬಿಗೂ ಫೋಟೋ ಹೋಗಬಾರದು ಅನ್ನುತ್ತಾರೆ. ಅಂಥವರಿಗೆ ಮನೆಯ ಚಿಕ್ಕ ಪ್ರಿಂಟರಿನಲ್ಲೇ ಪ್ರಿಂಟು. ಫೋಟೋವೇ ಬೇಡ ಅನ್ನುವ ಹಿರಿಯರೂ ನಮ್ಮಲ್ಲಿ ಇದ್ದಾರೆ. ಖಾಲಾ ವಾದಕ್ಕೆ ಇಳಿಯುವುದಿಲ್ಲ, ಅವರು ಕೂತ ಸಾಲಿನ ಕಡೆ ಕ್ಯಾಮೆರಾ ತಿರುಗಿಸುವುದಿಲ್ಲ, ಅಷ್ಟೇ. ಮೊದಲ ದಿನವೇ ನನಗೆ ಹೇಳಿಕೊಟ್ಟ ಮಾತು, “ಪೈಲೆ ಪೂಛ್, ಬಾದ್ ಮೇ ಖೀಂಚ್.” ಮೊದಲು ಕೇಳು, ಆಮೇಲೆ ತೆಗಿ. ಆ ಮಾತನ್ನು ನಾನು ನೂರು ಸಲ ಕೇಳಿದ್ದೆ. ನೂರೊಂದನೇ ಸಲ ಮರೆತೆ.

ಕಳೆದ ವರ್ಷ, ಫಸ್ಟ್ ಪಿಯುಸಿಯಲ್ಲಿದ್ದಾಗ, ಹತ್ತಿರದ ಒಂದು ಊರಿನಲ್ಲಿ ಮೆಹೆಂದಿ. ಮದುಮಗಳ ಪುಟದಲ್ಲಿ ಖಾಲಾ ಬರೆದಿದ್ದರು: “ಆಲ್ಬಂ ಮನೆಯೊಳಗೆ ಮಾತ್ರ. ಫೋನಿನಲ್ಲಿ ಏನೂ ಹೋಗಬಾರದು.” ರಾತ್ರಿ ಒಂಬತ್ತರ ಹೊತ್ತಿಗೆ ಮದುಮಗಳು ಗೆಳತಿಯರ ಜೊತೆ ಏನೋ ಹೇಳಿಕೊಂಡು ನಗುತ್ತಿದ್ದಳು, ಎರಡೂ ಕೈ ಮುಂದೆ ಚಾಚಿ. ವಿನ್ಯಾಸ ಎಷ್ಟು ಚೆನ್ನಾಗಿತ್ತೆಂದರೆ ನಾನು ನನ್ನ ಫೋನಿನಲ್ಲಿ ಕೈಗಳ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಿದೆ. ಬರೀ ಕೈ ತಾನೇ, ಯಾರದೆಂದು ಯಾರಿಗೆ ಗೊತ್ತಾಗುತ್ತದೆ ಅಂದುಕೊಂಡೆ. ನಿಜ ಹೇಳಬೇಕೆಂದರೆ ‘ನಾನು ಇಲ್ಲಿದ್ದೇನೆ, ಇಂಥ ಕೆಲಸ ಮಾಡುತ್ತೇನೆ’ ಎಂದು ನಿಮ್ಮೆಲ್ಲರಿಗೂ ತೋರಿಸುವ ಆಸೆ.

ಹಿಂದೆ ಡ್ರೆಸಿಂಗ್ ಟೇಬಲ್ ಇತ್ತು. ಅದರ ಕನ್ನಡಿಯನ್ನು ನಾನು ನೋಡಿರಲಿಲ್ಲ. ಕನ್ನಡಿಯಲ್ಲಿ ಮದುಮಗಳ ಮುಖ ಪೂರ್ತಿ ಬಂದಿತ್ತು, ತಲೆ ಮೇಲೆ ದುಪಟ್ಟಾ ಇಲ್ಲದೆ, ಬಾಯಿ ತುಂಬ ನಗುತ್ತಾ.

ಒಂದೂವರೆ ಗಂಟೆಯ ಮೇಲೆ ನನ್ನ ಗೆಳತಿಯೊಬ್ಬಳು, “ಕನ್ನಡಿಯಲ್ಲಿ ಯಾರೇ?” ಎಂದು ಮೆಸೇಜ್ ಮಾಡಿದಳು. ನೋಡಿದೆ. ಕೈಕಾಲು ತಣ್ಣಗಾದವು. ಅಳಿಸಿದೆ. ಅಷ್ಟರಲ್ಲಿ 37 ಜನ ನೋಡಿದ್ದರು. ನಾವು ಆಗ ಮನೆಗೆ ವಾಪಸ್ ಬರುವ ದಾರಿಯಲ್ಲಿದ್ದೆವು. ಹೇಳದೆ ಇದ್ದುಬಿಡೋಣ ಅನ್ನಿಸಿತು. ಹತ್ತು ನಿಮಿಷ ಹಾಗೇ ಕೂತೆ. ಆಮೇಲೆ ಹೇಳಿದೆ.

ಖಾಲಾ ಬೈಯಲಿಲ್ಲ. ಆಟೋದವರಿಗೆ, “ಭಾಯಿ, ವಾಪಸ್ ತಿರುಗಿಸಿ” ಅಂದರು.

ನಾವು ಮತ್ತೆ ಆ ಮನೆಯ ಬಾಗಿಲಿಗೆ ಹೋದಾಗ ರಾತ್ರಿ ಹನ್ನೊಂದು ದಾಟಿತ್ತು. ಆ ಮನೆಗೆ ವಿಷಯ ಇನ್ನೂ ಗೊತ್ತಾಗಿರಲಿಲ್ಲ. ಖಾಲಾ ಮದುಮಗಳನ್ನೂ ತಾಯಿಯನ್ನೂ ಒಳಗೆ ಕರೆದು, “ನನ್ನ ಕಡೆಯಿಂದ ನಿಮ್ಮ ಅಮಾನತ್‌ಗೆ ಖಿಯಾನತ್ ಆಗಿದೆ” ಅಂದರು. ನೀವು ನಂಬಿ ಒಪ್ಪಿಸಿದ್ದನ್ನು ನಾನು ಕಾಯಲಿಲ್ಲ ಎಂದು ಅರ್ಥ. ‘ಹುಡುಗಿ ಗೊತ್ತಿಲ್ಲದೆ ಮಾಡಿದಳು’ ಎಂದು ಒಂದು ಸಲವೂ ಹೇಳಲಿಲ್ಲ. ನಾನು ಬಾಗಿಲ ಪಕ್ಕ ನಿಂತು ಅಳುತ್ತಿದ್ದೆ. ತಾಯಿ ಜೋರು ಮಾಡಿದರು. ತಂದೆ ಹೊರಗಿನಿಂದಲೇ ಎಲ್ಲ ಕೇಳಿಸಿಕೊಂಡರು. ಮರುದಿನ ಬೆಳಿಗ್ಗೆ ಆ ಚಿತ್ರ ಹುಡುಗನ ಮನೆಯವರ ಫೋನಿಗೂ ಬಂದಿತ್ತಂತೆ, ಯಾರೋ ಉಳಿಸಿಕೊಂಡು ಕಳಿಸಿದ್ದರು. ಮುಂಚೆಯೇ ಗೊತ್ತಿದ್ದರಿಂದ ತಂದೆಯವರು ಅವರಿಗೆ ನೇರವಾಗಿ ಉತ್ತರ ಹೇಳಿದರು. ಕೆಲವು ಚುಚ್ಚು ಮಾತು ಬಂದವು. ನಿಕಾಹ್ ನಡೆಯಿತು, ಅಲ್‌ಹಮ್ದುಲಿಲ್ಲಾಹ್. ಬೇರೆ ಫೋಟೋಗ್ರಾಫರ್ ಸಿಗುವ ಹೊತ್ತಾಗಿರಲಿಲ್ಲವಾದ್ದರಿಂದ ಖಾಲಾ ಹೋದರು. ನನ್ನನ್ನು ಕರೆದುಕೊಂಡು ಹೋಗಲಿಲ್ಲ. ಅವತ್ತು ಥರ್ಮಾಕೋಲ್ ಹಿಡಿಯುವವರು ಯಾರೂ ಇರಲಿಲ್ಲ.

ಆಲ್ಬಂ ಕೊಡಲು ಹೋದಾಗ ಮಾತ್ರ ನನ್ನನ್ನೂ ಬಾ ಅಂದರು. ಕೊನೆಯ ಹತ್ತು ಸಾವಿರ ಬೇಡ ಎಂದು ಖಾಲಾ ಮೊದಲೇ ತಿಳಿಸಿದ್ದರು. ಆದರೂ ತಂದೆಯವರು ನೋಟುಗಳನ್ನು ಎಣಿಸಿ ಟೀಪಾಯಿ ಮೇಲಿಟ್ಟು, “ಹಿಸಾಬ್ ಸಾಫ್” ಅಂದರು. ಲೆಕ್ಕ ಚುಕ್ತಾ. ಬಾಕಿ ಕೊಡದೆ ಸತಾಯಿಸುವವರನ್ನು ನಾನು ಎಷ್ಟೋ ನೋಡಿದ್ದೆ. ಪೂರ್ತಿ ಕೊಟ್ಟು ನಮ್ಮನ್ನು ಕಳಿಸಿದವರನ್ನು ನೋಡಿದ್ದು ಅದೇ ಮೊದಲು. ಬಾಕಿ ಉಳಿಸಿಕೊಂಡವರು ಇನ್ನೊಮ್ಮೆಯಾದರೂ ಮಾತಾಡಿಸುತ್ತಾರೆ. ಆ ಹತ್ತು ಸಾವಿರದ ನೋಟುಗಳನ್ನು ಖಾಲಾ ಬಹಳ ದಿನ ಖರ್ಚು ಮಾಡಲಿಲ್ಲ.

ಮದುಮಗಳು ತವರಿಗೆ ಬಂದಿದ್ದಳು. ನಾನು ಅವಳ ಬಳಿ ಹೋಗಿ, “ಆಪಾ, ಮಾಫ್ ಮಾಡಿ” ಅಂದೆ. ಅವಳು ಆಲ್ಬಂ ಪುಟ ತಿರುಗಿಸುತ್ತಲೇ ಹೇಳಿದಳು, “ಆ ಫೋಟೋ ಚೆನ್ನಾಗಿತ್ತು. ನಾನು ಅಷ್ಟು ನಕ್ಕಿದ್ದು ಇದರಲ್ಲಿ ಎಲ್ಲೂ ಇಲ್ಲ. ಆದರೆ ಅದು ನನ್ನದಾಗಿತ್ತು, ಅಲ್ವಾ?”

ನಾನು ಅವಳ ಮುಖ ನೋಡಲಾಗದೆ ಅವಳ ಕೈ ನೋಡುತ್ತಿದ್ದೆ. ಮೆಹೆಂದಿ ಬಣ್ಣ ಆಗಲೇ ಮಾಸಿತ್ತು.

ಆ ಮಾತು ಭಾವನೆಯ ಮಾತು ಮಾತ್ರ ಅಲ್ಲ, ಕಾನೂನಿನ ಮಾತೂ ಹೌದು ಎಂದು ನನಗೆ ಆಮೇಲೆ ತಿಳಿಯಿತು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಯಾರಾದರೂ ಹಣ ಕೊಟ್ಟು ತಮಗಾಗಿ ಫೋಟೋ ತೆಗೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ ಆ ಫೋಟೋದ ಮೊದಲ ಹಕ್ಕುದಾರರು ತೆಗೆಸಿಕೊಂಡವರೇ, ತೆಗೆದವರಲ್ಲ. ಕ್ಯಾಮೆರಾ ನಮ್ಮದು, ಕಾರ್ಡು ನಮ್ಮದು, ಹಾರ್ಡ್ ಡಿಸ್ಕ್ ನಮ್ಮದು. ಆದರೆ ಫೋಟೋ ನಮ್ಮದಲ್ಲ. ನಿಮ್ಮ ಅಕ್ಕಂದಿರ ಮದುವೆಗೆ ಫೋಟೋಗ್ರಾಫರ್ ಗೊತ್ತು ಮಾಡುವಾಗ ಒಪ್ಪಂದದ ಕಾಗದದಲ್ಲಿ ಏನಿದೆ ಎಂದು ಓದಿ. ‘ಜಾಹೀರಾತಿಗೆ ಬಳಸಬಹುದು’ ಎಂಬ ಒಂದು ಸಾಲು ಅಲ್ಲಿ ಇರಬಹುದು.

ಆ ವರ್ಷ ಆ ಮನೆಯವರ ನೆಂಟರ ಎರಡು ಮದುವೆಗಳು ಖಾಲಾ ಅವರ ಕೈತಪ್ಪಿದವು. ಅಂದರೆ 80,000 ರೂಪಾಯಿ. ಮಗನ ಸ್ಕೂಲ್ ಫೀಸ್‌ಗೆ ಅಬ್ಬಾ ಸಹಾಯ ಮಾಡಲು ಹೋದಾಗ ಖಾಲಾ ಅದನ್ನು ಸಾಲವೆಂದು ಬರೆದುಕೊಂಡು ತೆಗೆದುಕೊಂಡರು. ನನಗೆ ಕೊಡಬೇಕಾದ 3,000 ರೂಪಾಯಿಯನ್ನೂ ಕೊಟ್ಟರು. ನಾನು ಬೇಡ ಅಂದೆ. “ಮೆಹೆಂದಿ ದಿನ ಕೆಲಸ ಮಾಡಿದ್ದೀಯ. ಕೂಲಿ ಬೇರೆ, ತಪ್ಪು ಬೇರೆ. ಒಂದರಲ್ಲಿ ಇನ್ನೊಂದು ಕಳೀಬೇಡ” ಅಂದರು.

ಈ ವರ್ಷ ಸೆಕೆಂಡ್ ಪಿಯುಸಿಯಲ್ಲಿ ಸರ್ ಗುಡ್‌ವಿಲ್ ಪಾಠ ಮಾಡಿದರು. ಅದು ಕಣ್ಣಿಗೆ ಕಾಣದ, ಕೈಗೆ ಸಿಗದ ಆಸ್ತಿ. ಸರಾಸರಿ ಲಾಭವನ್ನು ಇಷ್ಟು ವರ್ಷದಿಂದ ಗುಣಿಸಿ ಅದರ ಬೆಲೆ ಕಟ್ಟುತ್ತೇವೆ. ಆದರೆ ಹಣ ಕೊಟ್ಟು ಕೊಂಡ ಗುಡ್‌ವಿಲ್ಲನ್ನು ಮಾತ್ರ ಪುಸ್ತಕದಲ್ಲಿ ತೋರಿಸಬಹುದು. ಸಂಸ್ಥೆ ತಾನೇ ಸಂಪಾದಿಸಿಕೊಂಡದ್ದನ್ನು ಆಸ್ತಿ ಎಂದು ಬರೆಯುವಂತಿಲ್ಲ ಎನ್ನುತ್ತದೆ ಅಕೌಂಟಿಂಗ್ ಸ್ಟ್ಯಾಂಡರ್ಡ್ 26. ಎಲ್ಲರೂ ಅದನ್ನು ಅಂಡರ್‌ಲೈನ್ ಮಾಡಿಕೊಂಡರು, ಎರಡು ಅಂಕದ ಪ್ರಶ್ನೆ. ನಾನು ಖಾಲಾ ಅವರ ನೋಟ್‌ಬುಕ್ಕನ್ನು ನೆನೆಯುತ್ತಿದ್ದೆ. ಅದರಲ್ಲಿ ಕ್ಯಾಮೆರಾ ಇದೆ, ಲೆನ್ಸ್ ಇದೆ, ಮಂಚದ ಕೆಳಗಿನ ಆರು ಆಲ್ಬಂ ಇವೆ. ಜನ ಯಾವುದಕ್ಕಾಗಿ ಹುಡುಕಿಕೊಂಡು ಬರುತ್ತಾರೋ ಅದು ಮಾತ್ರ ಎಲ್ಲೂ ಇಲ್ಲ. ಹೋದಾಗಲೂ ನಷ್ಟದ ಕಡೆ ಬರೆಯಲಾಗಲಿಲ್ಲ. 37 ಜನ ನೋಡಿದರು ಎಂಬುದನ್ನು ಯಾವ ಖಾತೆಗೆ ಹಾಕುವುದು?

ಸುಮಾರು ಐದು ತಿಂಗಳು ಖಾಲಾ ನನ್ನನ್ನು ಕೆಲಸಕ್ಕೆ ಕರೆಯಲಿಲ್ಲ. ಕೋಪವೇನೂ ಇರಲಿಲ್ಲ, ಮನೆಗೆ ಬಂದರೆ ಎಂದಿನಂತೆ ಮಾತಾಡಿಸುತ್ತಿದ್ದರು. ರಂಜಾನ್ ಈದ್ ಕಳೆದು ಮದುವೆಗಳು ಶುರುವಾದಾಗ ಒಂದು ಸಂಜೆ ಫೋನ್ ಬಂತು. “ಥರ್ಮಾಕೋಲ್ ಹಿಡಿಯೋಕೆ ಬರ್ತೀಯಾ? ಫೋನು ಮನೆಯಲ್ಲಿ ಬಿಟ್ಟು ಬಾ.” ಹೋದೆ. ಮೂರನೇ ಮದುವೆಗೆ ಖಾಲು ಅವರ ಹಳೆಯ ಕ್ಯಾಮೆರಾವನ್ನು ನನ್ನ ಕೊರಳಿಗೆ ಹಾಕಿ, “ಇವತ್ತು ನೀನೂ ತೆಗಿ. ಕೇಳಿ ತೆಗಿ” ಅಂದರು.

ಮಧ್ಯಾಹ್ನ, ಒಳಗಿನ ಕೋಣೆ. ಮದುಮಗಳ ದಾದಿ, ಎಂಬತ್ತು ದಾಟಿರಬೇಕು, ಕಿಟಕಿಯ ಪಕ್ಕ ಕೂತು ಮೊಮ್ಮಗಳ ಅಂಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಮೆಹೆಂದಿಯನ್ನು ಮೂಸಿ ನೋಡುತ್ತಿದ್ದರು. ಒಂದು ಬದಿಯಿಂದ ಬೆಳಕು ಬೀಳುತ್ತಿತ್ತು. ನಾನಿ ಕುಚ್ಚು ಕಟ್ಟುತ್ತಿದ್ದ ಬೆಳಕು ಇದೇ ಇರಬೇಕು ಅನ್ನಿಸಿತು. ಕ್ಯಾಮೆರಾ ಕಣ್ಣಿಗೆ ಹಿಡಿದೆ. ಫೋಕಸ್ ಕೂಡ ಆಯಿತು. ಬೆರಳು ಬಟನ್ ಮೇಲಿತ್ತು. ಕ್ಯಾಮೆರಾ ಇಳಿಸಿ, “ದಾದಿಮಾ, ಒಂದು ಫೋಟೋ ತೆಗೀಲಾ?” ಎಂದು ಕೇಳಿದೆ.

“ನಕ್ಕೊ ಮಾ” ಅಂದರು. ಬೇಡಮ್ಮ. “ಹಮಾರೇ ವೋ ಕಭೀ ಫೋಟೋ ನೈ ಖಿಂಚಾಯೇ, ಮೈ ಭೀ ನೈ ಖಿಂಚಾತೀ.” ನಮ್ಮವರು ಯಾವತ್ತೂ ಫೋಟೋ ತೆಗೆಸಿಕೊಂಡವರಲ್ಲ, ನಾನೂ ತೆಗೆಸಿಕೊಳ್ಳುವುದಿಲ್ಲ. ಆಮೇಲೆ ನನ್ನನ್ನು ಹತ್ತಿರ ಕರೆದು, ನೀನು ಯಾರ ಮಗಳು, ಏನು ಓದುತ್ತಿದ್ದೀ ಎಂದೆಲ್ಲ ವಿಚಾರಿಸಿದರು. ಮೊಮ್ಮಗಳ ಅಂಗೈಯನ್ನು ನನ್ನ ಮೂಗಿಗೂ ಹಿಡಿದು, “ನೋಡು, ಎಷ್ಟು ಘಮ ಘಮ” ಅಂದರು. ಆ ವಾಸನೆ ಯಾವ ಕ್ಯಾಮೆರಾಗೂ ಬರುತ್ತಿರಲಿಲ್ಲ.

ತಿರುಗಿ ನೋಡಿದರೆ ಖಾಲಾ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ಗೊತ್ತಿಲ್ಲ. ಏನೂ ಹೇಳದೆ ಹೋದರು.

ರಾತ್ರಿ ವಾಪಸ್ ಬರುವಾಗ ಆಟೋದಲ್ಲಿ ಕೇಳಿದರು, “ಇವತ್ತು ಎಷ್ಟು ತೆಗೆದೆ?”

“ಒಂಬತ್ತು” ಅಂದೆ. ಬೇರೆಯವರು ಸಾವಿರ ತೆಗೆಯುವ ಕಡೆ ಒಂಬತ್ತು ಎನ್ನಲು ನಾಚಿಕೆಯಾಯಿತು.

“ಸರಿ” ಅಂದರು. ಸ್ವಲ್ಪ ದೂರ ಹೋದ ಮೇಲೆ ಮತ್ತೆ, “ನಾಳೆ ವಲೀಮಾ. ಹನ್ನೊಂದಕ್ಕೆಲ್ಲ ರೆಡಿ ಇರು. ಮಲಗೋ ಮುಂಚೆ ಎರಡೂ ಬ್ಯಾಟರಿ ಚಾರ್ಜಿಗೆ ಹಾಕು, ನಿಂದೂ, ನಂದೂ” ಅಂದರು.